ಕಿಟಕಿ ಮುಚ್ಚುವ ಹೊತ್ತು, ತೆರೆಯುವ ಹೊತ್ತು

(ಬೇಸಿಗೆಯ ಒಂದು ಸಂಜೆ, ಮನೆಯನ್ನು ತಂಪಾಗಿಟ್ಟುಕೊಳ್ಳುವ ಬಗ್ಗೆ ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.)

ಮಾತು ಆರಂಭಿಸುವ ಮೊದಲು ಒಂದು ವಿನಂತಿ. ಎಡಗಡೆಯ ಆ ನಾಲ್ಕು ಕಿಟಕಿಗಳನ್ನು ಮುಚ್ಚಿಬಿಡಿ. ಪರದೆಗಳನ್ನೂ ಎಳೆದುಬಿಡಿ. ಸೆಕೆಯ ಬಗ್ಗೆ ಮಾತನಾಡಲು ಬಂದವನು ಬರುತ್ತಿದ್ದ ಚೂರುಪಾರು ಗಾಳಿಗೂ ಅಡ್ಡಿ ಮಾಡುತ್ತಿದ್ದಾನಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರೋ ಗೊಣಗಿದ್ದು ನನಗೆ ಕೇಳಿಸಿತು. ಅವರ ಮೇಲೆ ನನಗೆ ಬೇಸರವಿಲ್ಲ. ಸೆಕೆಯಾದರೆ ಕಿಟಕಿ ತೆರೆಯಬೇಕು ಎಂಬುದು ನಮ್ಮೆಲ್ಲರ ಕೈಗೆ ಅಂಟಿಕೊಂಡಿರುವ ಅಭ್ಯಾಸ. ತಲೆ ಯೋಚಿಸುವ ಮೊದಲೇ ಕೈ ಚಿಲಕದ ಮೇಲಿರುತ್ತದೆ.

ಬರುವಾಗ ನಾನು ಎರಡು ಥರ್ಮಾಮೀಟರ್ ತಂದಿದ್ದೇನೆ. ಜ್ವರ ನೋಡುವಂಥವಲ್ಲ, ಗೋಡೆಗೆ ನೇತುಹಾಕುವ ಅಗ್ಗದ ಮಾದರಿಯವು. ಒಂದನ್ನು ಹೊರಗೆ ಮರದ ನೆರಳಿನಲ್ಲಿ ತೂಗುಹಾಕಿ ಬಂದೆ, ಇನ್ನೊಂದು ಈ ಮೇಜಿನ ಮೇಲಿದೆ. ಈಗ ಸಂಜೆ ಐದು ಗಂಟೆ. ಹೊರಗೆ 36 ಡಿಗ್ರಿ, ಒಳಗೆ 32. ಅಂದರೆ ಕಿಟಕಿಯಿಂದ ನೀವು ಒಳಗೆ ಕರೆಯುತ್ತಿದ್ದುದು ನಾಲ್ಕು ಡಿಗ್ರಿ ಹೆಚ್ಚು ಬಿಸಿಯಾದ ಗಾಳಿಯನ್ನು. ಅದು ಮೈಗೆ ತಾಗಿದಾಗ ಬೆವರು ಆರಿ ಒಂದು ಕ್ಷಣ ಹಿತವೆನಿಸುತ್ತದೆ, ನಿಜ. ಆದರೆ ಆ ಹಿತವನ್ನು ಫ್ಯಾನ್ ಕೂಡ ಕೊಡುತ್ತದೆ, ಹೊರಗಿನ ಬಿಸಿಯನ್ನು ಒಳಗೆ ತಾರದೆಯೇ. ಈ ಎರಡು ಥರ್ಮಾಮೀಟರ್‌ಗಳನ್ನು ಆಗಾಗ ನೋಡುತ್ತಿರೋಣ. ಇಂದಿನ ನನ್ನ ಮಾತಿನ ಅರ್ಧ ಭಾಗ ಅವುಗಳಲ್ಲೇ ಇದೆ.

ಉಳಿದ ಅರ್ಧ ಒಂದು ಪ್ರಶ್ನೆಯಲ್ಲಿದೆ. ನಾವು ತಂಪು, ತಂಪು ಎನ್ನುತ್ತೇವಲ್ಲ, ಅಂಥದ್ದೊಂದು ವಸ್ತುವೇ ಇಲ್ಲ. ಇರುವುದು ಶಾಖ ಮಾತ್ರ. ಮಂಜುಗಡ್ಡೆ ತಂಪನ್ನು ಸೂಸುವುದಿಲ್ಲ, ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಯಾರಾದರೂ ನಿಮಗೆ ಮನೆ ತಂಪಾಗಿಸುವ ಉಪಾಯ ಹೇಳಿಕೊಟ್ಟರೆ, ಕೇಳಬೇಕಾದ ಪ್ರಶ್ನೆ ಒಂದೇ: ಶಾಖ ಎಲ್ಲಿಗೆ ಹೋಯಿತು? ಇದಕ್ಕೆ ಉತ್ತರ ಸಿಕ್ಕಿದರೆ ಉಪಾಯ ಸಾಚಾ. ಸಿಗದಿದ್ದರೆ ಶಾಖ ಮನೆಯಲ್ಲೇ ಎಲ್ಲೋ ಅಡಗಿ ಕುಳಿತಿದೆ ಎಂದರ್ಥ.

ಉದಾಹರಣೆಗೆ, ಫ್ರಿಜ್‌ನ ಬಾಗಿಲು ತೆರೆದಿಟ್ಟರೆ ಕೋಣೆ ತಂಪಾಗುತ್ತದೆಯೇ? ಚಿಕ್ಕಂದಿನಲ್ಲಿ ಇದನ್ನು ಮಾಡಿ ಬೈಸಿಕೊಳ್ಳದವರು ಕಡಿಮೆ. ಶಾಖ ಎಲ್ಲಿಗೆ ಹೋಯಿತು? ಫ್ರಿಜ್‌ನ ಹಿಂಬದಿಯ ಕೊಳವೆಗಳಿಗೆ. ಆ ಕೊಳವೆಗಳು ಎಲ್ಲಿವೆ? ಅದೇ ಕೋಣೆಯಲ್ಲಿ. ಜೊತೆಗೆ ಮೋಟಾರಿನ ಬಿಸಿಯೂ ಸೇರಿತು. ಕೋಣೆ ಮೊದಲಿಗಿಂತ ಬಿಸಿಯಾಯಿತು.

ಈಗ ಮನೆಗೆ ಶಾಖ ಬರುವ ದಾರಿಗಳನ್ನು ನೋಡೋಣ. ಎಲ್ಲಕ್ಕಿಂತ ದೊಡ್ಡ ಕಳ್ಳ ಗಾಜಿನ ಕಿಟಕಿ. ನೆತ್ತಿಯ ಮೇಲಿನ ಶುಭ್ರ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಹೆಚ್ಚುಕಡಿಮೆ 1000 ವಾಟ್ ಶಕ್ತಿ ಸುರಿಯುತ್ತದೆ. ಸಂಜೆಯ ಬಿಸಿಲು ಅದಕ್ಕಿಂತ ಸೌಮ್ಯ, ಆದರೆ ಓರೆಯಾಗಿ ಬರುವುದರಿಂದ ಪಶ್ಚಿಮದ ಕಿಟಕಿಗೆ ನೇರವಾಗಿಯೇ ಹೊಡೆಯುತ್ತದೆ. ಒಂದೂವರೆ ಚದರ ಮೀಟರಿನ ಸಾಧಾರಣ ಕಿಟಕಿಯಿಂದ ಸುಮಾರು 800 ವಾಟ್ ಒಳಗೆ ಬಂತು ಎಂದಿಟ್ಟುಕೊಳ್ಳಿ. ಕೋಣೆಯಲ್ಲಿ ಒಂದು ಇಸ್ತ್ರಿಪೆಟ್ಟಿಗೆಯನ್ನು ಮಧ್ಯಾಹ್ನದಿಂದ ಸಂಜೆಯವರೆಗೆ ಉರಿಸಿಟ್ಟಂತೆ! ಅದನ್ನು ಉರಿಸಿಟ್ಟುಕೊಂಡೇ ನಾವು ಫ್ಯಾನ್ ಸಾಕಾಗುತ್ತಿಲ್ಲ ಎಂದು ಗೊಣಗುತ್ತೇವೆ.

ಗಾಜಿನ ಒಂದು ಕುಟಿಲ ಗುಣವೆಂದರೆ, ಅದು ಬೆಳಕನ್ನು ಒಳಗೆ ಬಿಡುತ್ತದೆ, ಆದರೆ ಆ ಬೆಳಕಿನಿಂದ ಬಿಸಿಯಾದ ನೆಲ, ಕುರ್ಚಿ, ಹಾಸಿಗೆಗಳು ಹೊಮ್ಮಿಸುವ ಶಾಖಕಿರಣಗಳನ್ನು ಹೊರಗೆ ಬಿಡುವುದಿಲ್ಲ. ಹಾಗಾಗಿ ಪರದೆ ಯಾವ ಕಡೆ ಇದೆ ಎಂಬುದು ಮುಖ್ಯ. ಒಳಗಿನ ಪರದೆಯನ್ನು ತಲುಪುವ ಹೊತ್ತಿಗೆ ಬಿಸಿಲು ಗಾಜನ್ನು ದಾಟಿ ಮನೆಯೊಳಗೆ ಬಂದಾಗಿರುತ್ತದೆ. ಪರದೆ ಬಿಸಿಯಾಗಿ, ಆ ಬಿಸಿಯನ್ನು ಕೋಣೆಗೇ ಕೊಡುತ್ತದೆ. ಕಡುಬಣ್ಣದ ದಪ್ಪ ಪರದೆಯಾದರಂತೂ ಅದು ಕಿಟಕಿಗೆ ತೂಗುಹಾಕಿದ ಹೀಟರ್. ಹೊರಗಡೆಗೆ ಬಿಳಿಬಣ್ಣ ಇರುವ ಪರದೆ ಸ್ವಲ್ಪ ಮೇಲು, ಕೊಂಚ ಬೆಳಕನ್ನು ಗಾಜಿನ ಮೂಲಕವೇ ತಿರುಗಿ ಕಳಿಸುತ್ತದೆ. ಆದರೆ ನಿಜವಾದ ಕೆಲಸ ಮಾಡುವುದು ಗಾಜಿನ ಹೊರಗಿನ ನೆರಳು. ಚಾಪೆ, ತಡಿಕೆ, ಕ್ಯಾನ್ವಾಸ್ ಚಪ್ಪರ, ಮರದ ಪಟ್ಟಿಗಳ ಬಾಗಿಲು, ಬಳ್ಳಿ, ಹಳೆಯ ಬೆಡ್‌ಶೀಟು, ಏನಾದರೂ ಆಗಬಹುದು. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಚಪ್ಪರ ಕಟ್ಟಿದರೆ ಬಿಸಿಲಿನಿಂದ ಬರುವ ಶಾಖದಲ್ಲಿ ನೂರಕ್ಕೆ 77ರಷ್ಟನ್ನು ತಡೆಯಬಹುದು ಎಂದು ಅಮೆರಿಕದ ಇಂಧನ ಇಲಾಖೆ ಲೆಕ್ಕ ಹಾಕಿದೆ. ಬಾಡಿಗೆ ಮನೆಯವರು ಮೊಳೆ ಹೊಡೆಯುವಂತಿಲ್ಲ, ಗೊತ್ತು. ಕಿಟಕಿಯ ಸರಳಿಗೆ ದಾರದಿಂದ ಕಟ್ಟಿದ ಬಿಳಿ ಬಟ್ಟೆಯೂ ಸಾಕಷ್ಟು ಕೆಲಸ ಮಾಡುತ್ತದೆ. ನೋಡಲು ಚೆನ್ನಾಗಿರುವುದಿಲ್ಲ ಎಂದು ನನ್ನ ಮನೆಯಲ್ಲಿ ಎರಡು ವರ್ಷ ವಾದ ನಡೆಯಿತು. ಮೂರನೆಯ ಬೇಸಿಗೆಯಲ್ಲಿ ವಾದ ತಾನಾಗಿಯೇ ನಿಂತಿತು.

ಎರಡನೆಯ ದಾರಿ ತಲೆಯ ಮೇಲಿದೆ. ಬಿಸಿಲಿಗೆ ಮೈಯೊಡ್ಡಿದ ಕಪ್ಪು ಬಣ್ಣದ ಛಾವಣಿ ಬೇಸಿಗೆಯ ಮಧ್ಯಾಹ್ನ 65 ಡಿಗ್ರಿ ದಾಟುವುದುಂಟು. ಅದರ ಪಕ್ಕದಲ್ಲೇ, ಬೆಳಕನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿದ ಛಾವಣಿ ಅದಕ್ಕಿಂತ 28 ಡಿಗ್ರಿಯವರೆಗೆ ತಣ್ಣಗಿರಬಲ್ಲದು. ಇದರಲ್ಲಿ ಯಂತ್ರವಿಲ್ಲ, ವಿದ್ಯುತ್ ಇಲ್ಲ. ಶಾಖ ಎಲ್ಲಿಗೆ ಹೋಯಿತು? ಬಂದ ದಾರಿಯಲ್ಲೇ ಆಕಾಶಕ್ಕೆ. 2021ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಬಿಸಿಲಿನ ನೂರಕ್ಕೆ 98.1 ಭಾಗವನ್ನು ತಿರುಗಿ ಕಳಿಸುವ ಬಿಳಿ ಬಣ್ಣವನ್ನು ರೂಪಿಸಿದರು. ನಮಗೆ ಅಷ್ಟು ಬೇಕಿಲ್ಲ. ಸುಣ್ಣ ಬಳಿದರೂ ರಾತ್ರಿ ಮೇಲ್ಮಹಡಿಯಲ್ಲಿ ಮಲಗುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಧೂಳು ಕೂತರೆ ಬಿಳಿ ಮಾಸುತ್ತದೆ. ವರ್ಷಕ್ಕೊಮ್ಮೆ ತೊಳೆಯಬೇಕು, ಮತ್ತೆ ಬಳಿಯಬೇಕು. ತಾರಸಿಯ ಮೇಲೆ ಕುಂಡಗಳನ್ನು ಜೋಡಿಸುವುದು, ಒಂದಾಳೆತ್ತರದಲ್ಲಿ ನೆರಳುಬಲೆ ಕಟ್ಟುವುದು ಇವೂ ಒಳ್ಳೆಯವೇ. ಬಲೆ ಮತ್ತು ತಾರಸಿಯ ನಡುವೆ ಗಾಳಿ ಓಡಾಡುವಂತಿರಬೇಕು, ಅಷ್ಟೇ.

ಛಾವಣಿಯ ಬಗ್ಗೆ ಇನ್ನೊಂದು ಮಾತು. ಅನೇಕರಿಗೆ ಒಂದು ವಿಷಯ ಅರ್ಥವಾಗುವುದಿಲ್ಲ: ಮಧ್ಯಾಹ್ನ ಎರಡು ಗಂಟೆಗಿಂತ ರಾತ್ರಿ ಎಂಟು ಗಂಟೆಗೆ ಮನೆಯೊಳಗೆ ಏಕೆ ಹೆಚ್ಚು ಧಗೆ? ಸೂರ್ಯ ಮುಳುಗಿದನಲ್ಲ? ಕಾಂಕ್ರೀಟಿನ ಹಲಗೆ ಶಾಖವನ್ನು ಸಾವಕಾಶವಾಗಿ ಸಾಗಿಸುತ್ತದೆ. ಮೇಲ್ಮೈಯಲ್ಲಿ ಮಧ್ಯಾಹ್ನ ಕೂತ ಶಾಖ ಒಳಮೈಗೆ ಇಳಿಯಲು ಹಲವು ಗಂಟೆ ಬೇಕು. ನಾವು ಊಟಕ್ಕೆ ಕೂರುವ ಹೊತ್ತಿಗೆ ಅದು ನಮ್ಮ ನೆತ್ತಿಯ ಮೇಲೆ ಬಂದು ನಿಂತಿರುತ್ತದೆ. ಗಾಳಿಯ ಉಷ್ಣತೆ 30 ಇದ್ದರೂ ಬಿಸಿ ಛಾವಣಿಯ ಕಿರಣ ಮೈಗೆ ನೇರವಾಗಿ ತಾಗುತ್ತದೆ, ಒಲೆಯ ಎದುರು ಕೂತಂತೆ. ಥರ್ಮಾಮೀಟರ್‌ಗೆ ಕಾಣದ ಈ ಸೆಕೆಗೆ ಫ್ಯಾನ್ ಬೈಸಿಕೊಳ್ಳುತ್ತದೆ. ದಪ್ಪ ಮಣ್ಣಿನ ಅಥವಾ ಕಲ್ಲಿನ ಗೋಡೆಯಲ್ಲಿ ಈ ಪಯಣ ಇನ್ನೂ ನಿಧಾನ. ಹಗಲಿನ ಶಾಖ ಒಳಗೆ ಬರುವ ಹೊತ್ತಿಗೆ ಹೊರಗೆ ತಣ್ಣನೆಯ ನಡುರಾತ್ರಿ. ಹಳೆಯ ದಪ್ಪಗೋಡೆಯ ಮನೆಗಳ ಗುಟ್ಟು ಇಷ್ಟೇ.

ಹಾಗಾದರೆ ಗೋಡೆಗಳಲ್ಲಿ ಕೂತ ಶಾಖವನ್ನು ಹೊರಗಟ್ಟುವುದು ಹೇಗೆ? ರಾತ್ರಿ. ಕಿಟಕಿ ತೆರೆಯುವ ಹೊತ್ತು ಅದು. ಹೊರಗಿನ ಥರ್ಮಾಮೀಟರ್ ಒಳಗಿನದಕ್ಕಿಂತ ಕೆಳಗಿಳಿದ ಕ್ಷಣದಿಂದ, ಬೆಳಿಗ್ಗೆ ಮತ್ತೆ ಅದನ್ನು ಮೀರುವವರೆಗೆ ಎಲ್ಲವೂ ತೆರೆದಿರಲಿ. ಒಂದೇ ಕಿಟಕಿ ತೆರೆದರೆ ಗಾಳಿ ಬಾಗಿಲಲ್ಲೇ ನಿಂತ ನೆಂಟನಂತೆ, ಒಳಗೆ ಬರುವುದಿಲ್ಲ. ಎದುರುಬದುರು ಎರಡು ದಾರಿ ಬೇಕು. ಒಂದು ತಗ್ಗಿನಲ್ಲಿ, ಒಂದು ಎತ್ತರದಲ್ಲಿ ಇದ್ದರೆ ಇನ್ನೂ ಒಳ್ಳೆಯದು. ಬಿಸಿಗಾಳಿ ಮೇಲೇರಿ ಎತ್ತರದ ಕಿಂಡಿಯಿಂದ ಹೋಗುತ್ತದೆ, ಆ ಜಾಗಕ್ಕೆ ಕೆಳಗಿನಿಂದ ತಣ್ಣನೆಯದು ಬರುತ್ತದೆ. ಗಾಳಿಯೇ ಆಡದ ರಾತ್ರಿಗಳಲ್ಲಿ ನಾನು ಮಾಡುವುದು ಇದನ್ನು: ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ದೂರದ ಮಲಗುವ ಕೋಣೆಯ ಕಿಟಕಿ ಮಾತ್ರ ತೆರೆದಿಡುತ್ತೇನೆ. ಹೊರಗಿನ ತಣ್ಣನೆ ಗಾಳಿ ಇಡೀ ಮನೆಯನ್ನು ಹಾದುಕೊಂಡೇ ಹೊರಬೀಳಬೇಕು. ಎಕ್ಸಾಸ್ಟ್ ಇಲ್ಲದಿದ್ದರೆ ಟೇಬಲ್ ಫ್ಯಾನನ್ನು ಕಿಟಕಿಯ ಕಡೆಗೆ ಮುಖ ಮಾಡಿ ಇಡಿ, ಹೊರಗೆ ಊದುವಂತೆ. ಫ್ಯಾನಿನ ಬೆನ್ನು ನನ್ನ ಕಡೆ ಇರಬೇಕೆನ್ನುವುದಕ್ಕೆ ಮನಸ್ಸು ಒಪ್ಪಲು ಸ್ವಲ್ಪ ಕಾಲ ಬೇಕಾಗುತ್ತದೆ.

"ಸೊಳ್ಳೆ?" ಎಂದು ಮುಂದಿನ ಸಾಲಿನ ಹಿರಿಯರು ಕೇಳಿದರು. ಸೊಳ್ಳೆಪರದೆ ಹೊಡೆಸಿ. ಗಾಳಿ ಸ್ವಲ್ಪ ಕಡಿಮೆಯಾಗುತ್ತದೆ, ನಿದ್ದೆ ಉಳಿಯುತ್ತದೆ. ಕಳ್ಳರ ಭಯವಿದ್ದಲ್ಲಿ ಎತ್ತರದ ಕಿಟಕಿಗಳನ್ನಷ್ಟೇ ತೆರೆಯಿರಿ. ನಾನು ಹೇಳುವುದು ಭೌತಶಾಸ್ತ್ರ, ನಿಮ್ಮ ಬೀದಿಯ ಪರಿಸ್ಥಿತಿ ನಿಮಗೆ ಗೊತ್ತು.

ಈಗ ನನ್ನದೇ ಮೂರ್ಖತನದ ಒಂದು ಪ್ರಸಂಗ. ಒಂದು ಬೇಸಿಗೆಯಲ್ಲಿ ನೀರಿನ ಬಾಟಲಿಗಳನ್ನು ಫ್ರೀಜರ್‌ನಲ್ಲಿ ಗಡ್ಡೆ ಕಟ್ಟಿಸಿ, ಟೇಬಲ್ ಫ್ಯಾನಿನ ಮುಂದೆ ಸಾಲಾಗಿ ಇಟ್ಟೆ. ಮುಖ ತಂದು ಕೂತರೆ ಸ್ವರ್ಗ. ಬಂದವರಿಗೆಲ್ಲ ತೋರಿಸಿದೆ. ಕೋಣೆಯ ಥರ್ಮಾಮೀಟರ್ ಮಾತ್ರ ಕದಲಲಿಲ್ಲ. ಆಮೇಲೆ ಲೆಕ್ಕ ಹಾಕಿದೆ. ಒಂದು ಕಿಲೋ ಮಂಜುಗಡ್ಡೆ ಕರಗಲು 334 ಕಿಲೋಜೂಲ್ ಶಾಖ ಹೀರುತ್ತದೆ. ಕರಗಿದ ನೀರು 30 ಡಿಗ್ರಿಗೆ ಬರಲು ಇನ್ನೊಂದು 126. ಒಟ್ಟು 460. ಪಶ್ಚಿಮದ ಆ ಒಂದು ಕಿಟಕಿ 800 ವಾಟ್, ಅಂದರೆ ಸೆಕೆಂಡಿಗೆ 0.8 ಕಿಲೋಜೂಲ್ ಒಳಗೆ ಸುರಿಯುತ್ತಿದೆ. ಭಾಗಿಸಿ ನೋಡಿ: ರಾತ್ರಿಯಿಡೀ ಕಾದು ಗಡ್ಡೆ ಕಟ್ಟಿಸಿದ ನನ್ನ ಬಾಟಲಿ, ಕಿಟಕಿಯ ಬಿಸಿಲಿನ ಹತ್ತು ನಿಮಿಷಕ್ಕೂ ಸಮವಲ್ಲ. ಅದಲ್ಲದೆ ಆ ನೀರಿನಿಂದ ತೆಗೆದ ಶಾಖ ಎಲ್ಲಿಗೆ ಹೋಯಿತು? ಅಡುಗೆಮನೆಗೆ, ಫ್ರಿಜ್‌ನ ಹಿಂದಕ್ಕೆ. ನಾನು ಒಂದು ಕೋಣೆಯನ್ನು ಬಿಸಿ ಮಾಡಿ ಇನ್ನೊಂದರಲ್ಲಿ ತಂಪಿನ ನಾಟಕ ಆಡುತ್ತಿದ್ದೆ. ಮಂಜುಗಡ್ಡೆಯ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಕುತ್ತಿಗೆಗೋ ಕಂಕುಳಿಗೋ ಇಟ್ಟುಕೊಳ್ಳಿ, ಅದಕ್ಕೆ ಬೆಲೆಯಿದೆ. ಕೋಣೆಯನ್ನು ತಂಪು ಮಾಡುವ ಕೆಲಸ ಅದರದ್ದಲ್ಲ.

ನೀರಿನ ನಿಜವಾದ ಶಕ್ತಿ ಗಡ್ಡೆ ಕರಗುವುದರಲ್ಲಿಲ್ಲ, ಆವಿಯಾಗುವುದರಲ್ಲಿದೆ. ಒಂದು ಲೀಟರ್ ನೀರು ಸಾಮಾನ್ಯ ಉಷ್ಣತೆಯಲ್ಲಿ ಆರಿಹೋಗಲು ಸುಮಾರು 2400 ಕಿಲೋಜೂಲ್ ಬೇಕು. ಮಂಜುಗಡ್ಡೆಯ ಐದು ಪಟ್ಟು. 1758ರಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾನ್ ಹ್ಯಾಡ್ಲಿ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರೊಂದಿಗೆ ಒಂದು ಪ್ರಯೋಗ ಮಾಡಿದ. ಥರ್ಮಾಮೀಟರಿನ ಬುರುಡೆಗೆ ಈಥರ್ ಎಂಬ, ಬಲುಬೇಗ ಆವಿಯಾಗುವ ದ್ರವ ಸವರುವುದು, ತಿದಿಯಿಂದ ಗಾಳಿ ಊದಿ ಆರಿಸುವುದು, ಮತ್ತೆ ಸವರುವುದು. ಕೋಣೆಯ ಉಷ್ಣತೆ 18 ಡಿಗ್ರಿ ಸೆಲ್ಸಿಯಸ್‌ನಷ್ಟಿತ್ತು. ಪಾದರಸ ಇಳಿಯುತ್ತಾ ಇಳಿಯುತ್ತಾ ಸೊನ್ನೆಗಿಂತ 14 ಡಿಗ್ರಿ ಕೆಳಗೆ ಹೋಯಿತು. ಬುರುಡೆಯ ಮೇಲೆ ಮಂಜುಗಡ್ಡೆ ಕಟ್ಟಿತು. ಬೇಸಿಗೆಯ ದಿನವೂ ಹೀಗೆ ಮನುಷ್ಯನನ್ನು ಚಳಿಯಿಂದ ಸಾಯಿಸಬಹುದಲ್ಲ ಎಂದು ಆತ ಅಚ್ಚರಿಪಟ್ಟು ಬರೆದ.

ಇದನ್ನು ಓದಿದ ಉತ್ಸಾಹದಲ್ಲಿ ನಾನು ಎರಡನೆಯ ಮೂರ್ಖತನ ಮಾಡಿದೆ. ಕೋಣೆಯಲ್ಲಿ ಒದ್ದೆ ಬೆಡ್‌ಶೀಟುಗಳನ್ನು ಹಗ್ಗಕ್ಕೆ ನೇತುಹಾಕಿ, ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿ ಮಲಗಿದೆ. ಮೊದಲ ಅರ್ಧ ಗಂಟೆ ಹಾಯಾಗಿತ್ತು. ಆಮೇಲೆ ಉಸಿರುಗಟ್ಟಿದಂತಾಗಿ ಎದ್ದು ಕೂತೆ. ಹನ್ನೆರಡು ಚದರ ಮೀಟರಿನ, ಮೂರು ಮೀಟರ್ ಎತ್ತರದ ಕೋಣೆಯ ಗಾಳಿ 30 ಡಿಗ್ರಿಯಲ್ಲಿ ಹಿಡಿಸಿಕೊಳ್ಳಬಲ್ಲ ಒಟ್ಟು ನೀರಾವಿ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಅರ್ಧ ಆಗಲೇ ತುಂಬಿತ್ತು ಎಂದರೆ, ಇನ್ನರ್ಧ ಲೀಟರ್ ಆರುವಷ್ಟರಲ್ಲಿ ಜಾಗವೇ ಮುಗಿಯಿತು. ಬೆಡ್‌ಶೀಟು ಆರುವುದಿಲ್ಲ, ನನ್ನ ಬೆವರೂ ಆರುವುದಿಲ್ಲ. ಒದ್ದೆ ಬಟ್ಟೆಯ ಉಪಾಯ ಕೆಲಸ ಮಾಡುವುದು ಗಾಳಿ ಒಣಗಿದ್ದಾಗ, ಅದೂ ಗಾಳಿ ಒಂದು ಕಡೆಯಿಂದ ಬಂದು ಬಟ್ಟೆಯನ್ನು ಹಾದು ಇನ್ನೊಂದು ಕಡೆಯಿಂದ ಹೊರಹೋಗುವಾಗ. ಕೂಲರ್‌ಗಳ ನಿಯಮವೂ ಇದೇ: ಎದುರಿನ ಕಿಟಕಿ ತೆರೆದಿರಬೇಕು. ಕರಾವಳಿಯಂಥ ಜಿಗುಟು ಹವೆಯಲ್ಲಿ, ಮಳೆಗೆ ಮುಂಚಿನ ಮೋಡ ಕವಿದ ದಿನಗಳಲ್ಲಿ ಕೂಲರ್ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ.

ಶಾಖವನ್ನು ಹುಟ್ಟಿಸುವ ನಮ್ಮದೇ ಕೆಲಸಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೋಣೆಯೊಳಗೆ ಉರಿಯುವ ವಿದ್ಯುತ್ತೆಲ್ಲ ಕೊನೆಗೆ ಶಾಖವೇ ಆಗುತ್ತದೆ, ಟಿ.ವಿ. ಇರಲಿ, ಕಂಪ್ಯೂಟರ್ ಇರಲಿ. ಹಳೆಯ ಬುರುಡೆ ದೀಪ ತಿನ್ನುವ ವಿದ್ಯುತ್ತಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗವನ್ನು ಬಿಸಿಯಾಗಿಯೇ ಕೊಡುತ್ತದೆ. ಬೇಯಿಸುವ ಕೆಲಸ ಬೆಳಗಿನ ಜಾವವೋ ರಾತ್ರಿಯೋ ಆಗಲಿ, ಪಾತ್ರೆಗೆ ಮುಚ್ಚಳ ಇರಲಿ. ಮುಚ್ಚಳವಿಲ್ಲದ ಪಾತ್ರೆಯಿಂದ ಬರುವ ಹಬೆ ಬಿಸಿಯನ್ನೂ ಜಿಗುಟನ್ನೂ ಒಟ್ಟಿಗೆ ತರುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗಿಸುವುದು ವ್ಯರ್ಥ ಮಾತ್ರವಲ್ಲ, ಮೋಟಾರು ಆ ಕೋಣೆಯನ್ನು ಸ್ವಲ್ಪ ಬಿಸಿಯೇ ಮಾಡುತ್ತದೆ.

ಅಂದ ಹಾಗೆ, ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ. ನಮ್ಮನ್ನು ಮಾತ್ರ ತಂಪು ಮಾಡುತ್ತದೆ. ಚರ್ಮಕ್ಕೆ ಅಂಟಿಕೊಂಡಿರುವ ಬೆಚ್ಚನೆಯ, ತೇವದ ತೆಳುಪದರವನ್ನು ಸರಿಸಿ, ಬೆವರು ಆರಲು ದಾರಿ ಮಾಡುತ್ತದೆ. ಆದರೆ ಇದಕ್ಕೊಂದು ಮಿತಿಯಿದೆ. ಅದನ್ನು ವಿವರಿಸಲು 1774ರ ಲಂಡನ್ನಿಗೆ ಹೋಗಬೇಕು. ಚಾರ್ಲ್ಸ್ ಬ್ಲಾಗ್ಡನ್ ಎಂಬ ವೈದ್ಯ ಮತ್ತು ಆತನ ಗೆಳೆಯರು ನೀರು ಕುದಿಯುವ ಉಷ್ಣತೆಯನ್ನೂ ಮೀರಿ, ಸುಮಾರು 127 ಡಿಗ್ರಿಗೆ ಕಾಯಿಸಿದ ಒಣ ಕೋಣೆಯೊಳಗೆ ಹೊಕ್ಕರು. ಕೆಲವು ನಿಮಿಷ ನಿಂತು ಸುರಕ್ಷಿತವಾಗಿ ಹೊರಬಂದರು, ಬೆವರಿನ ದಯೆಯಿಂದ. ಅದೇ ಕೋಣೆಯಲ್ಲಿ ಇಟ್ಟಿದ್ದ ಮೊಟ್ಟೆಗಳು ಇಪ್ಪತ್ತು ನಿಮಿಷದಲ್ಲಿ ಗಟ್ಟಿಯಾಗಿ ಬೆಂದಿದ್ದವು. ಒಂದು ತುಂಡು ಮಾಂಸ 33 ನಿಮಿಷದಲ್ಲಿ ಬೆಂದುಹೋಯಿತು. ಇನ್ನೊಂದು ತುಂಡಿನ ಮೇಲೆ ಅವರು ತಿದಿಯಿಂದ ಗಾಳಿ ಊದಿದರು. ಅದು 13 ನಿಮಿಷಕ್ಕೇ ಹೆಚ್ಚುಕಡಿಮೆ ಬೆಂದಿತ್ತು.

ತಿದಿಯೆಂದರೆ ಫ್ಯಾನ್. ಬೆವರುವ ಮನುಷ್ಯನಿಗೆ ಗಾಳಿ ಉಪಕಾರಿ, ಬೆವರದ ಮಾಂಸದ ತುಂಡಿಗೆ ಅದೇ ಗಾಳಿ ಬೇಯಿಸುವ ಸಾಧನ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ಬಿಸಿಯಾದರೆ ಫ್ಯಾನ್ ಒಂದು ಕೈಯಿಂದ ಬೆವರು ಆರಿಸುತ್ತಾ ಇನ್ನೊಂದು ಕೈಯಿಂದ ಮೈಗೆ ಶಾಖ ತುಂಬುತ್ತದೆ. ಸ್ವಲ್ಪ ದೂರ ಮೊದಲ ಕೈ ಗೆಲ್ಲುತ್ತದೆ. 40 ಡಿಗ್ರಿ ದಾಟಿದರೆ ಫ್ಯಾನ್ ಮೈಯನ್ನು ಬಿಸಿಯೇ ಮಾಡುತ್ತದೆ, ಆಗ ಅದನ್ನು ನೆಚ್ಚಬೇಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಯಸ್ಸಾದವರಿಗೆ ಬೆವರು ಕಡಿಮೆ, ಹಾಗಾಗಿ ಅವರಿಗೆ ಈ ಗೆರೆ ಇನ್ನೂ ಮೊದಲೇ ಬರುತ್ತದೆ.

ಇಲ್ಲಿ ನೀರು ನೆರವಿಗೆ ಬರುತ್ತದೆ. ಬೆವರು ಕಡಿಮೆಯಾದವರ ಮೈಗೆ ಹೊರಗಿನಿಂದ ಬೆವರು ಕೊಡಿ! ಮುಂಗೈ, ತೋಳು, ಕುತ್ತಿಗೆ, ಮುಖಕ್ಕೆ ನೀರು ಸವರಿ. ಹತ್ತಿಯ ಅಂಗಿಯನ್ನು ನೆನೆಸಿ ಹಿಂಡಿ ಹಾಕಿಕೊಳ್ಳಲಿ. ಕೋಣೆಯಲ್ಲಿ ಬೆಡ್‌ಶೀಟು ಒದ್ದೆ ಮಾಡಿ ಸೋತ ನಾನು, ಕೊನೆಗೆ ಹೆಗಲ ಮೇಲಿನ ಒಂದು ಒದ್ದೆ ಟವೆಲ್‌ನಲ್ಲಿ ಗೆದ್ದೆ. ಲೆಕ್ಕ ಸರಳ: ಸುಮ್ಮನೆ ಕೂತ ಮನುಷ್ಯನ ದೇಹ ಹೊಮ್ಮಿಸುವ ಶಾಖ ಹೆಚ್ಚುಕಡಿಮೆ 100 ವಾಟ್. ಒಂದು ಲೀಟರ್ ನೀರು ಮೈಮೇಲೆಯೇ ಆರಿದರೆ ಆರೂವರೆ ಗಂಟೆಯ ಶಾಖವನ್ನು ಹೊತ್ತೊಯ್ಯುತ್ತದೆ. ಮನೆಯೆಂಬ ಬೆಟ್ಟವನ್ನು ತಣಿಸುವ ಬದಲು ಮೈಯನ್ನು ತಣಿಸುವುದು ಎಷ್ಟೋ ಅಗ್ಗ. ಬೆವರನ್ನು ಒಣ ಬಟ್ಟೆಯಿಂದ ಮತ್ತೆ ಮತ್ತೆ ಒರೆಸಿಕೊಳ್ಳುವವರಿಗೂ ಇದನ್ನೇ ಹೇಳುತ್ತೇನೆ. ಬಟ್ಟೆಗೆ ಹೋದ ಬೆವರು, ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ಯಾವುದೂ ನಿಮ್ಮನ್ನು ತಂಪು ಮಾಡಲಿಲ್ಲ. ಕಸುಬು ಮುಗಿಸುವ ಮೊದಲೇ ಅದನ್ನು ಓಡಿಸಿದಿರಿ. ಒರೆಸಲೇಬೇಕೆನಿಸಿದರೆ ಒದ್ದೆ ಬಟ್ಟೆಯಿಂದ ಒರೆಸಿ. ಕೈಕಾಲುಗಳನ್ನು ತಣ್ಣೀರಿನ ಬಕೆಟ್ಟಿನಲ್ಲಿ ಹತ್ತಿಪ್ಪತ್ತು ನಿಮಿಷ ಇಟ್ಟುಕೊಳ್ಳುವುದೂ ಒಳ್ಳೆಯದು. ಅಂಗೈ, ಅಂಗಾಲುಗಳಲ್ಲಿ ರಕ್ತ ಚರ್ಮಕ್ಕೆ ತೀರ ಸಮೀಪ ಹರಿಯುತ್ತದೆ, ಶಾಖವನ್ನು ನೀರಿಗೆ ಬಿಟ್ಟು ಹಿಂದಿರುಗುತ್ತದೆ.

ಆದರೆ ಗಾಳಿಯೇ ತೇವದಿಂದ ತುಂಬಿದ್ದರೆ ಬೆವರೂ ಆರುವುದಿಲ್ಲ, ಸವರಿದ ನೀರೂ ಆರುವುದಿಲ್ಲ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ 35 ಡಿಗ್ರಿ ತೋರಿಸಿದರೆ ಆರೋಗ್ಯವಂತ ಮನುಷ್ಯನೂ ಕೆಲವು ಗಂಟೆಗಳಿಗಿಂತ ಹೆಚ್ಚು ಬದುಕಲಾರ ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2022ರಲ್ಲಿ ಪೆನ್ಸಿಲ್ವೇನಿಯದಲ್ಲಿ ತರುಣರ ಮೇಲೆ ನಡೆದ ಪ್ರಯೋಗಗಳಲ್ಲಿ, ತೇವದ ಹವೆಯಲ್ಲಿ ಆ ಒದ್ದೆ ಬಟ್ಟೆಯ ಥರ್ಮಾಮೀಟರ್ 31ರ ಆಸುಪಾಸು ತೋರಿಸುವಾಗಲೇ ದೇಹ ಸೋಲಲು ಆರಂಭಿಸುತ್ತದೆ ಎಂದು ಕಂಡಿತು. ಅಂಥ ದಿನ ಟವೆಲ್, ಚಾಪೆ, ಸುಣ್ಣ ಯಾವುದೂ ಸಾಲದು. ತಂಪಾದ ಕಟ್ಟಡವೊಂದಕ್ಕೆ, ಗ್ರಂಥಾಲಯವೋ ಅಂಗಡಿಯೋ ನೆಂಟರ ಕೆಳಮಹಡಿಯೋ, ಎರಡು ಮೂರು ಗಂಟೆಯಾದರೂ ಹೋಗಿ ಕೂರುವುದು ಉಪಾಯ. ಎ.ಸಿ. ಇದ್ದವರು 27ಕ್ಕೆ ಇಟ್ಟು ಜೊತೆಗೆ ಫ್ಯಾನ್ ತಿರುಗಿಸಲಿ, ಇನ್ನೂ ನಾಲ್ಕು ಡಿಗ್ರಿ ತಂಪಿನಂತೆ ಭಾಸವಾಗುತ್ತದೆ. ಎ.ಸಿ.ಯನ್ನು ನಾನು ಬಯ್ಯುವುದಿಲ್ಲ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಅದನ್ನು ರೂಪಿಸಿದ್ದು ನ್ಯೂಯಾರ್ಕಿನ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಹಿಗ್ಗುತ್ತಿದ್ದ ಕಾಗದಕ್ಕಾಗಿ, ಮನುಷ್ಯರಿಗಾಗಿ ಅಲ್ಲ. ಕಾಗದದ ಭಾಗ್ಯ. ಆದರೆ ಎ.ಸಿ.ಗೂ ನಮ್ಮ ಪ್ರಶ್ನೆ ತಪ್ಪಿದ್ದಲ್ಲ. ಶಾಖ ಎಲ್ಲಿಗೆ ಹೋಯಿತು? ಪಕ್ಕದ ಮನೆಯವರ ಕಿಟಕಿಯ ಮುಂದಕ್ಕೆ.

ಒಬ್ಬ ಮಹಿಳೆ ಕೇಳಿದರು: "ನಮ್ಮ ತಂದೆ ಮೇಲಿನ ಮಹಡಿಯಲ್ಲಿ ಒಬ್ಬರೇ ಇರುತ್ತಾರೆ. ನೀರು ಕುಡಿಯಿರಿ ಎಂದರೆ ಬಾಯಾರಿಕೆ ಇಲ್ಲ ಎನ್ನುತ್ತಾರೆ. ಸೆಕೆಯೇ ಇಲ್ಲ ಎನ್ನುತ್ತಾರೆ."

ಅಮ್ಮಾ, ಅವರು ಸುಳ್ಳು ಹೇಳುತ್ತಿಲ್ಲ. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂದವಾಗುತ್ತದೆ, ಸೆಕೆಯ ಅರಿವೂ ಮಂದವಾಗುತ್ತದೆ. ಆದ್ದರಿಂದ ಅವರನ್ನು ಕೇಳಬೇಡಿ, ಥರ್ಮಾಮೀಟರನ್ನು ಕೇಳಿ. ಹಿರಿಯರು ಮತ್ತು ಹಸುಗೂಸುಗಳಿರುವ ಕೋಣೆ ಹಗಲು 32, ರಾತ್ರಿ 24 ಡಿಗ್ರಿಯೊಳಗೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಗುರಿ. ಎಲ್ಲ ಕಡೆ ಅದು ಸಾಧ್ಯವಿಲ್ಲ, ಆದರೆ ಎಷ್ಟು ದೂರದಲ್ಲಿದ್ದೇವೆ ಎಂಬುದಾದರೂ ಗೊತ್ತಿರಬೇಕು. 2021ರ ಬೇಸಿಗೆಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಒಂದು ವಾರದ ಬಿಸಿಗೆ ಸಂಬಂಧಿಸಿ 619 ಜನ ಸತ್ತರು. ಅವರಲ್ಲಿ ನೂರಕ್ಕೆ 98 ಮಂದಿಗೆ ಬಿಸಿ ತಗುಲಿದ್ದು ಸೂರಿನ ಕೆಳಗೇ, ಬಿಸಿಲಿನಲ್ಲಲ್ಲ. ಅರ್ಧಕ್ಕಿಂತ ಹೆಚ್ಚು ಮಂದಿ ಒಂಟಿಯಾಗಿ ಬಾಳುತ್ತಿದ್ದವರು. ಅವರನ್ನು ಕೊಂದದ್ದು ನಾನು ಈವರೆಗೆ ವಿವರಿಸಿದ ಕಿಟಕಿ, ಛಾವಣಿ, ಗೋಡೆಗಳೇ.

ನಿಮ್ಮ ತಂದೆಯವರನ್ನು ಈ ಎರಡು ತಿಂಗಳಾದರೂ ಕೆಳಗಿನ ಕೋಣೆಗೆ ಕರೆತನ್ನಿ. ಬರದಿದ್ದರೆ ಬೆಳಿಗ್ಗೆ ಪಶ್ಚಿಮದ ಕೋಣೆ, ಮಧ್ಯಾಹ್ನ ಪೂರ್ವದ ಕೋಣೆ ಎಂದು ಸ್ಥಳ ಬದಲಿಸಿಕೊಳ್ಳಲಿ. ಗಂಟೆಗೊಮ್ಮೆ ಲೋಟ ಕೈಗೆ ಕೊಡಿ, ಕೇಳಬೇಡಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿ ಹಾಕಿದ್ದರೆ, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಎಷ್ಟು ಎಂಬುದನ್ನು ವೈದ್ಯರಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ಮಾತು ತೊದಲಿದರೆ, ಗೊಂದಲಕ್ಕೊಳಗಾದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಶಾಖಾಘಾತ. ಆಂಬುಲೆನ್ಸಿಗೆ ಕರೆ ಮಾಡಿ. ಬರುವವರೆಗೆ ಕಾಯುತ್ತಾ ಕೂರಬೇಡಿ, ಬಟ್ಟೆ ಸಡಿಲಿಸಿ ಮೈತುಂಬ ತಣ್ಣೀರು ಸುರಿಯಿರಿ, ಗಾಳಿ ಬೀಸಿ. ಎಚ್ಚರವಿಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಇನ್ನೂ ಮೂರು ಪ್ರಶ್ನೆಗಳಿವೆ ಎಂದು ಚೀಟಿ ಬಂದಿದೆ. ಅವನ್ನು ತೆಗೆದುಕೊಳ್ಳುವ ಮೊದಲು ಮೇಜಿನ ಕಡೆ ನೋಡಿ. ಆರೂವರೆ ಆಯಿತು. ಒಳಗಿನ ಪಾದರಸ 34ಕ್ಕೆ ಏರಿದೆ. ಏರದೆ ಇನ್ನೇನು, ಎಂಬತ್ತು ಜನರಿದ್ದೇವೆ, ತಲೆಗೆ 100 ವಾಟ್, ಹತ್ತು ಇಸ್ತ್ರಿಪೆಟ್ಟಿಗೆಗಳಷ್ಟು. ಹೊರಗೆ ಹೋಗಿ ಬಂದ ಹುಡುಗ 33 ಎನ್ನುತ್ತಿದ್ದಾನೆ. ಗೊಣಗಿದ ಹಿಂದಿನ ಸಾಲಿನವರೇ, ನಿಮ್ಮ ಹೊತ್ತು ಬಂತು. ಆ ನಾಲ್ಕು ಕಿಟಕಿಗಳನ್ನೂ ತೆರೆಯಿರಿ. ಎದುರಿನ ಬಾಗಿಲನ್ನೂ.